ತಜ್ಞ ಸಾಕ್ಷಿ ಇಲ್ಲದೆ ಗೆದ್ದ ಆಸ್ಪತ್ರೆ ಕೇಸು

ತಜ್ಞ ವೈದ್ಯರ ಅಭಿಪ್ರಾಯ ಇಲ್ಲದೆ ಆಸ್ಪತ್ರೆ ಮೇಲಿನ ದೂರು ಗ್ರಾಹಕರ ಆಯೋಗದಲ್ಲಿ ನಿಲ್ಲುವುದಿಲ್ಲ ಎಂದು ನಮ್ಮ ಧಾರವಾಡದ ಹಿರಿಯ ವಕೀಲರೆಲ್ಲ ಹೇಳುತ್ತಿದ್ದರು. ವಕೀಲಿಯ ಶುರುವಿನ ವರ್ಷಗಳಲ್ಲಿ ನಾನೂ ತಜ್ಞರ ಬೆನ್ನು ಹತ್ತಿದೆ. ಒಬ್ಬರು ಸುಮಾರು 25 ಸಾವಿರ ತಗೊಂಡು ಅಭಿಪ್ರಾಯ ಬರೆದುಕೊಟ್ಟರು. ಎದುರಿನವರು ಪ್ರಶ್ನಾವಳಿ (ಪಾಟಿ ಸವಾಲಿನ ಬದಲು ಬರಹದಲ್ಲಿ ಕೇಳುವ ಪ್ರಶ್ನೆಗಳು) ಕಳಿಸಿದ ಮೇಲೆ ಆ ತಜ್ಞರು ಫೋನೇ ಎತ್ತಲಿಲ್ಲ. ದೂರು ವಜಾ ಆಯಿತು. ಆ ಕಕ್ಷಿದಾರ ಎಮ್ಮೆ ಮಾರಿ ದುಡ್ಡು ತಂದಿದ್ದ. ಅದರ ಮೇಲೆ ಇನ್ನೂ ಎರಡು ಹೀಗೇ ಹೋದವು.

ಆಮೇಲೆ ದಾರಿ ಬದಲಿಸಿದೆ. 2010ರ ಕಿಶನ್ ರಾವ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಕೇಸಿಗೂ ತಜ್ಞ ಸಾಕ್ಷಿ ಬೇಕಿಲ್ಲ ಎಂದಿದೆ. ಅಲ್ಲಿ ಮಲೇರಿಯಾ ರೋಗಿಗೆ ಟೈಫಾಯ್ಡ್ ಚಿಕಿತ್ಸೆ ಕೊಟ್ಟಿದ್ದರು. ಹಾಗಾದರೆ ಆಸ್ಪತ್ರೆಯ ಕಾಗದವೇ ಸಾಕ್ಷಿ ಹೇಳಲಿ ಅಂದುಕೊಂಡೆ. 2002ರ ವೈದ್ಯಕೀಯ ನಿಯಮಾವಳಿ ಪ್ರಕಾರ ಕೇಳಿದ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಲೀಗಲ್ ನೋಟಿಸಿಗೆ ಮುಂಚೆಯೇ ಮನೆಯವರಿಂದ ಅರ್ಜಿ ಕೊಡಿಸಿ, ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳುತ್ತೇನೆ. ವಕೀಲರ ಲೆಟರ್‌ಹೆಡ್ ಮೊದಲು ಹೋದರೆ ಕೇಸ್ ಶೀಟ್ ಸುಲಭಕ್ಕೆ ಕೈಗೆ ಬರುವುದಿಲ್ಲ.

ಗೆದ್ದದ್ದು ಒಂದು ಸಿಸೇರಿಯನ್ ಕೇಸು. ರಾತ್ರಿ 3ಕ್ಕೇ ಬಂದು ನೋಡಿದೆ, ತಕ್ಷಣ ರಕ್ತ ತರಿಸಲು ಹೇಳಿದೆ ಎಂದು ವೈದ್ಯರ ಅಫಿಡವಿಟ್. ನರ್ಸ್ ಚಾರ್ಟಿನಲ್ಲಿ 2ಕ್ಕೆ ಬಿಪಿ 110, 3ಕ್ಕೆ 90, 4ಕ್ಕೆ 70. ಎದುರಿಗೆ ‘ಡಾಕ್ಟರಿಗೆ ಫೋನಿನಲ್ಲಿ ತಿಳಿಸಲಾಗಿದೆ’ ಎಂಬ ಒಂದೇ ಸಾಲು. ರಕ್ತನಿಧಿಯ ಚೀಟಿಯಲ್ಲಿ ಬೇಡಿಕೆ ಬಂದ ಹೊತ್ತು ಬೆಳಗಿನ 5.40. ಮೂರನ್ನೂ ಒಂದೇ ಹಾಳೆಯ ಮೇಲೆ ಅಕ್ಕಪಕ್ಕ ಬರೆದು ಲಿಖಿತ ವಾದದ ಮೊದಲ ಪುಟವಾಗಿಟ್ಟೆ. ಪ್ರಶ್ನಾವಳಿಯಲ್ಲಿ ಏನನ್ನು ಮೊದಲು ಕೇಳಿದೆ, ಏನನ್ನು ಕೊನೆಗಿಟ್ಟೆ ಎನ್ನುವುದು ನನ್ನ ಹತ್ತಿರವೇ ಇರಲಿ. ಸುಮಾರು 9 ಲಕ್ಷ, ಮೇಲೆ ಬಡ್ಡಿ ಆದೇಶವಾಯಿತು. ‘ಇದು ಆಗದ ಮಾತು’ ಎಂದಿದ್ದ ಹಿರಿಯರೊಬ್ಬರು ಆ ಹಾಳೆಯ ನಕಲು ಕೇಳಿ ಪಡೆದರು!

ಖರ್ಚೂ ಇಳಿಯಿತು. ಆಸ್ಪತ್ರೆಗೆ ಕಟ್ಟಿದ ಬಿಲ್ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ಜೆರಾಕ್ಸ್, ಟೈಪಿಂಗ್, ಅಂಚೆ ಸೇರಿ ನಾಲ್ಕೈದು ಸಾವಿರ. ಪರಿಹಾರದಲ್ಲಿ ಪಾಲು ಕೇಳುವಂತಿಲ್ಲ, ಹಾಗಾಗಿ ಫೀಸನ್ನು ಕಂತಿನಲ್ಲಿ ತಗೊಳ್ಳುತ್ತೇನೆ. ಒಂದು ಎಚ್ಚರ: ಎರಡು ವರ್ಷದ ಕಾಲಮಿತಿ ಮೀರಿ ಬಂದವರಿಗೆ ಈ ಹಾಳೆಯೊಂದೇ ಸಾಲದು, ವಿಳಂಬಕ್ಕೂ ಕಾರಣ ತೋರಿಸಬೇಕು.

ದಾಖಲೆಗಳನ್ನು ಅಕ್ಕಪಕ್ಕ ಇಡುವ ಇದೇ ದಾರಿಯನ್ನು ಕಾರ್ಮಿಕ ನ್ಯಾಯಾಲಯದಲ್ಲೂ ಹಿಡಿದು ನೋಡಿದೆ. ಹಳೆಯ ಕೈಗಾರಿಕಾ ವಿವಾದ ಕಾಯ್ದೆಯಡಿ, ಕೆಲಸದಿಂದ ತೆಗೆದದ್ದನ್ನು ಪ್ರಶ್ನಿಸುವ ಕಾರ್ಮಿಕ ಹಿಂದಿನ ಒಂದು ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದನ್ನು ತಾನೇ ರುಜುವಾತು ಮಾಡಬೇಕಿತ್ತು. ನಮ್ಮ ರಾಜ್ಯದಿಂದಲೇ ಹೋದ ಹಡಿಮನಿ ಕೇಸಿನಲ್ಲಿ 2002ರಲ್ಲಿ ಸುಪ್ರೀಂ ಕೋರ್ಟ್ ಹಾಗೆಂದಿದೆ. ಇಎಸ್‌ಐ (ಕಾರ್ಮಿಕರ ವಿಮೆ) ವಂತಿಗೆಯ ದಾಖಲೆ, ಬ್ಯಾಂಕ್ ಪಾಸ್‌ಬುಕ್, ಗೇಟ್ ಪಾಸ್ ಅಕ್ಕಪಕ್ಕ ಇಟ್ಟು, ಹಾಜರಿ ಪುಸ್ತಕ ತರಿಸಲು ಅರ್ಜಿ ಹಾಕಿದೆ. ಪುಸ್ತಕ ಬರಲಿಲ್ಲ. ಮುಂದಿನ ವಾಯಿದೆಗೇ ಮಾಲೀಕರ ವಕೀಲರು ರಾಜಿಗೆ ಬಂದರು.