ಮಂಡಕ್ಕಿ ಯಾಕೆ ತೇಲುತ್ತೆ ಮಿಸ್? ಬಿಎಡ್ ದಿನಗಳ ನನ್ನ ಅನುಭವ

"ಪಾಠ ಚೆನ್ನಾಗಿ ಮೂಡಿಬಂತು. ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು. ಬೋಧನೋಪಕರಣಗಳನ್ನು ಸೂಕ್ತವಾಗಿ ಬಳಸಲಾಯಿತು."

ಬಿಎಡ್ ಓದುವಾಗ, ಪಾಠ ಹೇಗಾಯಿತು ಅಂತ ಬರೆದಿಡಬೇಕಾದ ನನ್ನ ದಿನಚರಿ ಪುಸ್ತಕದಲ್ಲಿ ಈ ಮೂರು ಸಾಲನ್ನು ಹನ್ನೊಂದು ಸಲ ಬರೆದಿದ್ದೆ. ಆಮೇಲೆ ಕೂತು ಎಣಿಸಿದ್ದರಿಂದ ಗೊತ್ತು. ನಾನೊಬ್ಬಳೇ ಅಲ್ಲ, ನಮ್ಮ ಬ್ಯಾಚಿನ ಎಲ್ಲರದ್ದೂ ಹೆಚ್ಚುಕಮ್ಮಿ ಇದೇ. ಸೀನಿಯರ್ ಒಬ್ಬರ ಹಳೆ ರೆಕಾರ್ಡ್ ಕೈಯಿಂದ ಕೈಗೆ ಓಡಾಡುತ್ತಿತ್ತು. ತಾರೀಖು ಬದಲಿಸಿದರೆ ಆಯಿತು, ದಿನಚರಿ ರೆಡಿ.

ನಾನು ಜಗಳೂರು ತಾಲ್ಲೂಕಿನವಳು. ಮಳೆ ನಂಬಿಕೊಂಡು ಮೆಕ್ಕೆಜೋಳ ಹಾಕುವ ಊರು. ಬಿಎಸ್ಸಿ ಮುಗಿಸಿ ದಾವಣಗೆರೆಯಲ್ಲಿ ಬಿಎಡ್ ಸೇರಿದೆ. ನಮ್ಮ ಕಡೆಯ ಬಿಎಡ್ ಕಾಲೇಜುಗಳು, ದಾವಣಗೆರೆ ಇರಲಿ ಚಿತ್ರದುರ್ಗ ಇರಲಿ, ದಾವಣಗೆರೆ ವಿಶ್ವವಿದ್ಯಾಲಯದ ಕೈಕೆಳಗೇ ಬರುತ್ತವೆ. ಅಪ್ಪನಿಗೆ ಬಿಎಡ್ ಅಂದರೆ ಒಂದು ವರ್ಷ ಅಂತಲೇ ಲೆಕ್ಕ. 2015ರಿಂದ ಅದು ಎರಡು ವರ್ಷ, ನಾಲ್ಕು ಸೆಮಿಸ್ಟರ್ ಆಗಿದೆ ಅಂದಾಗ, "ಪಾಠ ಹೇಳೋದು ಕಲಿಯಾಕ ಎರಡು ವರ್ಷ ಬೇಕೇನವ್ವಾ?" ಅಂದಿದ್ದರು. ಆಗ ನನಗೂ ಹಾಗೇ ಅನಿಸಿತ್ತು, ಸುಳ್ಳು ಯಾಕೆ ಹೇಳಲಿ.

ಮೊದಲ ಸೆಮಿಸ್ಟರಿನ ಮೈಕ್ರೋ ಟೀಚಿಂಗ್ ನೆನೆಸಿಕೊಂಡರೆ ಈಗಲೂ ನಗು ಬರುತ್ತದೆ. ಒಂದು ಸಲಕ್ಕೆ ಒಂದೇ ಕೌಶಲ. ಆರು ನಿಮಿಷ ಪಾಠ, ಆರು ನಿಮಿಷ ಹಿಮ್ಮಾಹಿತಿ, ಹನ್ನೆರಡು ನಿಮಿಷ ತಿದ್ದಿಕೊಳ್ಳೋದು, ಮತ್ತೆ ಆರು ನಿಮಿಷ ಪಾಠ, ಮತ್ತೆ ಆರು ನಿಮಿಷ ಹಿಮ್ಮಾಹಿತಿ. ಒಟ್ಟು 36 ನಿಮಿಷ. ಎದುರಿಗೆ ಎಂಟನೇ ಕ್ಲಾಸ್ ಮಕ್ಕಳಂತೆ ಕೂತವರು ನಮ್ಮ ಗೆಳತಿಯರೇ. ಅದರಲ್ಲಿ ಒಬ್ಬಳಿಗೆ ಎರಡು ವರ್ಷದ ಮಗು ಇತ್ತು. ಅವಳು ಕೈ ಎತ್ತಿ "ಮಿಸ್, ನೀರು ಕುಡ್ಕೊಂಡು ಬರ್ಲಾ?" ಅಂದರೆ ಪಾಠ ಅಲ್ಲಿಗೇ ಮುಗಿಯುತ್ತಿತ್ತು. ಪುನರ್ಬಲನ ಕೌಶಲದ ದಿನ (ಅಂದರೆ ಉತ್ತರ ಹೇಳಿದ ಮಗುವನ್ನು ಹುರಿದುಂಬಿಸೋದು) ನಾನು ಆರು ನಿಮಿಷದಲ್ಲಿ ಹದಿನೇಳು ಸಲ "ವೆರಿ ಗುಡ್" ಹೇಳಿದೆ. ತಪ್ಪು ಉತ್ತರಕ್ಕೂ.

ನಾನು ಹೇಗೆ ಪಾಠ ಮಾಡ್ತೀನಿ ಅಂತ ನನಗೇ ಗೊತ್ತಾಗಿದ್ದು ಮೊಬೈಲಿನಿಂದ. ಗೆಳತಿಯೊಬ್ಬಳು ಹಿಂದಿನ ಬೆಂಚಿನಲ್ಲಿ ಕೂತು ಇಡೀ ಪಾಠದ ವಿಡಿಯೋ ಮಾಡಿಕೊಟ್ಟಳು. ರಾತ್ರಿ ಹಾಸ್ಟೆಲಿನಲ್ಲಿ ಇಯರ್‌ಫೋನ್ ಹಾಕಿಕೊಂಡು ನೋಡಿದೆ. ಅರ್ಧ ಪಾಠ ಬೋರ್ಡಿನ ಜೊತೆ ಮಾತಾಡಿದ್ದೇನೆ. ಎಡಗೈ ದುಪಟ್ಟಾದ ತುದಿ ತಿರುಚುತ್ತಲೇ ಇದೆ. ಬಲಗಡೆ ಕೂತವರನ್ನಷ್ಟೇ ಕೇಳುತ್ತೇನೆ. ಎಡಗಡೆಯವರು ಫೋಟೋದಲ್ಲಿರುವವರ ಹಾಗೆ ಸುಮ್ನೆ ಕೂತಿದ್ದಾರೆ. ಎಲ್ಲಕ್ಕಿಂತ ನಾಚಿಕೆ ಆಗಿದ್ದು ಬೇರೆ. ನಾನು ಕೇಳಿದ ಪ್ರಶ್ನೆ 23. ಅದರಲ್ಲಿ 14ಕ್ಕೆ ಉತ್ತರ ಹೇಳಿದವಳೂ ನಾನೇ.

ನಮ್ಮ ಮೇಡಂಗೆ ಇದನ್ನು ಹೇಳಿದೆ. ಅವರು ಬೈಯಲಿಲ್ಲ. ಮೇರಿ ಬಡ್ ರೋ ಅನ್ನುವ ಅಮೆರಿಕದ ಸಂಶೋಧಕಿಯ ವಿಷಯ ಹೇಳಿದರು. ತರಗತಿಗಳ ಧ್ವನಿಮುದ್ರಣ ಕೇಳಿ ಆಕೆ ಕಂಡುಕೊಂಡಿದ್ದು ಇದು: ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಉತ್ತರಕ್ಕೆ ಕಾಯುವುದು ಸುಮಾರು ಒಂದೇ ಸೆಕೆಂಡು. ಅದನ್ನು ಮೂರು ಸೆಕೆಂಡು ಮಾಡಿದರೆ ಮಕ್ಕಳ ಉತ್ತರ ಉದ್ದ ಆಗುತ್ತದೆ, ಬಾಯೇ ಬಿಡದವರೂ ಮಾತಾಡುತ್ತಾರೆ. ಮೂರು ಸೆಕೆಂಡು ಏನು ಮಹಾ ಅನಿಸಬಹುದು. ನಲವತ್ತು ಮಕ್ಕಳ ಮುಂದೆ ಸುಮ್ಮನೆ ನಿಂತು ನೋಡಿ, ಜನ್ಮ ಕಳೆದಂತಾಗುತ್ತದೆ. ಅದಕ್ಕೆ ನಾನೊಂದು ಉಪಾಯ ಮಾಡಿಕೊಂಡೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ "ಜಗಳೂರು, ದಾವಣಗೆರೆ, ಚಿತ್ರದುರ್ಗ" ಅಂದುಕೊಳ್ಳೋದು. ದುರ್ಗ ಮುಟ್ಟುವವರೆಗೆ ಬಾಯಿ ತೆರೆಯಬಾರದು. ಇವತ್ತಿಗೂ ಹಾಗೇ ಮಾಡುತ್ತೇನೆ.

ಇಂಟರ್ನ್‌ಶಿಪ್‌ಗೆ ನನಗೆ ಸಿಕ್ಕಿದ್ದು ದಾವಣಗೆರೆ ಊರೊಳಗಿನ ಒಂದು ಪ್ರೌಢಶಾಲೆ. ನಿಯಮದ ಪ್ರಕಾರ ಎರಡು ವರ್ಷದಲ್ಲಿ ಒಟ್ಟು 20 ವಾರ ಶಾಲೆಯಲ್ಲಿರಬೇಕು. ಅದರಲ್ಲಿ 16 ವಾರ ಎರಡನೇ ವರ್ಷಕ್ಕೆ. ಮಂಡಕ್ಕಿ ಭಟ್ಟಿಗಳು ಆ ಶಾಲೆಗೆ ದೂರ ಇರಲಿಲ್ಲ. ಬೆಳಿಗ್ಗೆ ನಡೆದು ಹೋಗುವಾಗ ಹೊಟ್ಟು ಉರಿದ ಹೊಗೆ ವಾಸನೆ ಮೂಗಿಗೆ ಬಡಿಯುತ್ತಿತ್ತು. ದಾವಣಗೆರೆ ಅಂದರೆ ಹೊರಗಿನವರು ಬೆಣ್ಣೆ ದೋಸೆ ಅನ್ನುತ್ತಾರೆ. ನಮಗೆ ಸಂಜೆಯಾದರೆ ಮಂಡಕ್ಕಿ ಮಿರ್ಚಿಯೇ ಬೇಕು. ಆ ಮಂಡಕ್ಕಿ ಹುರಿಯುವವರ ಮಕ್ಕಳು ನನ್ನ ಕ್ಲಾಸಿನಲ್ಲಿ ಕೂತಿದ್ದಾರೆ ಅನ್ನೋದು ಮಾತ್ರ ಒಂದು ತಿಂಗಳವರೆಗೆ ನನಗೆ ಹೊಳೆಯಲೇ ಇಲ್ಲ.

ಒಂಬತ್ತನೇ ತರಗತಿ ವಿಜ್ಞಾನ. ಗುರುತ್ವಾಕರ್ಷಣೆ ಪಾಠದ ಕೊನೆಗೆ ತೇಲೋದು, ಮುಳುಗೋದು, ಆರ್ಕಿಮಿಡೀಸ್ ತತ್ವ ಬರುತ್ತದೆ. ಕಾಲೇಜಿನಿಂದ ಮೇಲ್ವಿಚಾರಕರು ಬಂದು ಹಿಂದೆ ಕೂತಿದ್ದರು. ಪಾಠ ಯೋಜನೆ ಐದು ಹಂತದಲ್ಲಿ, ನಿಮಿಷ ಹಾಕಿ ಬರೆದಿದ್ದೆ. ಕಬ್ಬಿಣದ ಮೊಳೆ, ಬಾಟಲಿ ಬಿರಡೆ, ಗಾಜಿನ ಬೀಕರ್, ಬಣ್ಣದ ಚಾರ್ಟ್, ಎಲ್ಲಾ ತಯಾರು. ಮೊಳೆ ಮುಳುಗಿತು, ಬಿರಡೆ ತೇಲಿತು. ಗಾತ್ರಕ್ಕೆ ಎಷ್ಟು ತೂಕ ಅನ್ನೋದೇ ಸಾಂದ್ರತೆ, ಅದು ನೀರಿಗಿಂತ ಕಡಿಮೆ ಇದ್ದರೆ ವಸ್ತು ತೇಲುತ್ತದೆ. ಬೋರ್ಡ್ ಮೇಲೆ ದೊಡ್ಡದಾಗಿ ಬರೆದೆ: ಒಂದು ವಸ್ತುವಿನ ಸಾಂದ್ರತೆ ಬದಲಾಗುವುದಿಲ್ಲ.

ಎರಡನೇ ಬೆಂಚಿನ ಹುಡುಗಿ ಎದ್ದು ನಿಂತಳು. ಮನೆಯಲ್ಲಿ ಉರ್ದು ಮಾತು, ಕನ್ನಡ ತಡೆದು ತಡೆದು ಬರುತ್ತಿತ್ತು.

"ಮಿಸ್, ಅಕ್ಕಿ ಮುಳುಗ್ತತಿ. ಮಂಡಕ್ಕಿ ತೇಲ್ತತಿ. ಎರಡೂ ಒಂದೇ ಕಾಳು ಅಲ್ವಾ?"

ನಾನು ಗಡಿಯಾರ ನೋಡಿದೆ. ಇನ್ನೂ ಎರಡು ಹಂತ ಬಾಕಿ. "ಒಳ್ಳೆ ಪ್ರಶ್ನೆ, ಆಮೇಲೆ ನೋಡೋಣ, ಕೂತ್ಕೋ" ಅಂದೆ. ಕೂತಳು. ಪಾಠ ಸರಿಯಾಗಿ 40 ನಿಮಿಷಕ್ಕೆ ಮುಗಿಯಿತು. ಮೇಲ್ವಿಚಾರಕರು ಸಮಯಪಾಲನೆ ಚೆನ್ನಾಗಿದೆ ಅಂತ ಬರೆದುಕೊಟ್ಟರು. ಸಂಜೆ ದಿನಚರಿಯಲ್ಲಿ ನಾನು ಬರೆದಿದ್ದು ನಿಮಗೆ ಗೊತ್ತೇ ಇದೆ. ಹನ್ನೊಂದನೇ ಸಲ.

ವಾರದ ಕೊನೆಗೆ ದಿನಚರಿ ಮೇಡಂ ಹತ್ತಿರ ಹೋಯಿತು. ಅವರು ಸಹಿ ಮಾಡದೇ ವಾಪಸ್ ಕೊಟ್ಟರು. "ಮಕ್ಕಳು ಉತ್ಸಾಹದಿಂದ ಭಾಗವಹಿಸಿದರು" ಅನ್ನುವ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಒಂದು ಗೆರೆ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: "ಯಾವ ಮಗು? ಏನು ಹೇಳಿತು?"

ಸಿಟ್ಟು ಬಂತು. ಎಲ್ಲರದ್ದೂ ಸಹಿ ಆಗಿದೆ, ನನ್ನದು ಮಾತ್ರ ಇಲ್ಲ. ಆದರೆ ಬರೆಯಲು ಕೂತಾಗ ನೆನಪಿಗೆ ಬಂದಿದ್ದು ಒಂದೇ ಮಗು, ಒಂದೇ ಮಾತು. ಅದನ್ನು ಬರೆದೆ. ನಾನು ಗಡಿಯಾರ ನೋಡಿದ್ದನ್ನೂ ಬರೆದೆ. ಬರೆಯುತ್ತಾ ಹೋದಾಗಲೇ ಗೊತ್ತಾಗಿದ್ದು, ತಪ್ಪಿದ್ದು ಸಮಯ ಅಲ್ಲ, ಬೋರ್ಡ್ ಮೇಲಿನ ಸಾಲು. ಸಾಂದ್ರತೆ ಬದಲಾಗುತ್ತದೆ. ಆ ಹುಡುಗಿ ನನ್ನ ವಾಕ್ಯವನ್ನೇ ಕೆಡವಿದ್ದಳು. ನಾನು ಅವಳನ್ನು ಕೂರಿಸಿದ್ದೆ.

ಸೋಮವಾರ ಅರ್ಧ ಕೆಜಿ ಅಕ್ಕಿ, ಒಂದು ಚೀಲ ಮಂಡಕ್ಕಿ ತಗೊಂಡು ಹೋದೆ. ಶಾಲೆಯ ಅಡುಗೆಮನೆಯ ತಕ್ಕಡಿ ಕೇಳಿ ತಂದೆವು. ಒಂದು ಲೋಟ ಅಕ್ಕಿ 160 ಗ್ರಾಂ ತೂಗಿತು. ಅದೇ ಲೋಟದ ತುಂಬ ಮಂಡಕ್ಕಿ ಹಾಕಿದರೆ 20 ಗ್ರಾಂ ಆಸುಪಾಸು. (ಕಾಳುಗಳ ನಡುವಿನ ಗಾಳಿಯೂ ಈ ಲೆಕ್ಕದಲ್ಲಿ ಸೇರುತ್ತದೆ, ಇದು ಒಂದೊಂದು ಕಾಳಿನ ಸಾಂದ್ರತೆ ಅಲ್ಲ. ಈ ಮಾತನ್ನು ಮಕ್ಕಳಿಗೂ ಹೇಳಿದೆ.) ಆಮೇಲೆ ಆ ಹುಡುಗಿಯನ್ನೇ ಮುಂದೆ ಕರೆದು, ಭಟ್ಟಿಯಲ್ಲಿ ಏನು ಮಾಡ್ತಾರೆ ಹೇಳು ಅಂದೆ.

ಜಗಳೂರು, ದಾವಣಗೆರೆ, ಚಿತ್ರದುರ್ಗ. ಆಮೇಲೆ ಶುರು ಮಾಡಿದಳು. ಭತ್ತ ನೆನೆಸೋದು, ಒಣಗಿಸೋದು, ಅಕ್ಕಿ ಮಾಡಿಸೋದು, ಉಪ್ಪು ನೀರು ಹಿಡಿಸೋದು, ಕಾದ ಮರಳಿಗೆ ಸುರಿದು ಕಣ್ಣು ಮುಚ್ಚಿ ತೆಗೆಯೋದರೊಳಗೆ ಜರಡಿ ಹಿಡಿಯೋದು. ಕನ್ನಡ ಸಿಗದ ಕಡೆ ಕೈಯಲ್ಲೇ ತೋರಿಸಿದಳು. ಮರಳಿನ ಬಿಸಿಗೆ ಕಾಳಿನೊಳಗಿನ ತೇವ ಆವಿಯಾಗಿ ಹಿಗ್ಗುತ್ತದೆ, ಕಾಳು ಅರಳುತ್ತದೆ ಅಂತ ನಾನು ಸೇರಿಸಿದೆ. ಕಾಳು ಹೊಸದಾಗಿ ಏನನ್ನೂ ಗಳಿಸಿಲ್ಲ, ಸ್ವಲ್ಪ ನೀರು ಕಳೆದುಕೊಂಡಿದೆ, ಅಷ್ಟೇ. ಗಾತ್ರ ಮಾತ್ರ ಎಷ್ಟೋ ಪಟ್ಟು ಆಗಿದೆ. ಹಾಗಾಗಿ ತೇಲುತ್ತದೆ.

ಅಷ್ಟರಲ್ಲಿ ಹಿಂದಿನಿಂದ ಒಬ್ಬ, "ಮಿಸ್, ನಮ್ಮವ್ವ ಒಗ್ಗರಣಿ ಹಾಕೋ ಮುಂದ ನೆನೆಸಿ ಹಿಂಡ್ತಾಳಲ್ಲ, ಆ ಮಂಡಕ್ಕಿ?" ಅಂದ. ಹಿಂಡಿ ಹಾಕಿ ನೋಡಿದೆವು. ಕೆಲವು ತಳ ಸೇರಿದವು, ಕೆಲವು ಮೇಲೇ ಉಳಿದವು. ಯಾಕೆ ಅಂತ ಜಗಳವೇ ಆಯಿತು. ನನ್ನ ಪಾಠ ಯೋಜನೆಯಲ್ಲಿ ಇದು ಯಾವ ಹಂತ ಅಂತ ಕೇಳಬೇಡಿ. ಉಳಿದ ಮಂಡಕ್ಕಿ ಬೆಲ್ ಹೊಡೆಯುವ ಮುಂಚೆಯೇ ಖಾಲಿ.

ಅಲ್ಲಿಂದ ದಿನಚರಿ ಬರೆಯುವ ರೀತಿ ಬದಲಿಸಿದೆ. ಬಿಎಡ್ ಓದುತ್ತಿರುವವರು ತುಂಬ ಜನ ಕೇಳುತ್ತಾರೆ, ಅದಕ್ಕೆ ಹೇಳುತ್ತೇನೆ. ಉದ್ದ ನೋಟ್ ಬುಕ್ಕಿನ ಬಲಗಡೆ ಪುಟದಲ್ಲಿ ಅವತ್ತೇ ಬರೆಯೋದು. ಒಂದು ಮಗು, ಅದು ಹೇಳಿದ ಮಾತು ಹೇಳಿದ ಹಾಗೇ, ಆಗ ನಾನು ಮಾಡಿದ್ದೇನು. ಇಷ್ಟೇ, ಹತ್ತು ಸಾಲು ಸಾಕು. "ಚೆನ್ನಾಗಿ", "ಉತ್ಸಾಹದಿಂದ", "ಸೂಕ್ತವಾಗಿ" ಅನ್ನುವ ಪದ ಬಳಸಬಾರದು ಅಂತ ನನಗೆ ನಾನೇ ನಿಯಮ ಹಾಕಿಕೊಂಡೆ. ಎಡಗಡೆ ಪುಟ ಖಾಲಿ ಬಿಡೋದು. ಒಂದು ವಾರ ಆದ ಮೇಲೆ, ಸಿಟ್ಟು ನಾಚಿಕೆ ಎಲ್ಲಾ ಇಳಿದ ಮೇಲೆ, ಓದಿ ಎಡಗಡೆ ಬರೆಯೋದು: ಈಗ ಏನನಿಸುತ್ತದೆ, ಮುಂದಿನ ಸಲ ಏನು ಬೇರೆ ಮಾಡ್ತೀನಿ.

ಪರೀಕ್ಷೆಗೆ ಓದುವಾಗ ಡೊನಾಲ್ಡ್ ಶೋನ್ ಅನ್ನುವ ಅಮೆರಿಕದ ಚಿಂತಕನ ಹೆಸರು ಬಂತು. 1983ರಲ್ಲೇ ಆತ ಎರಡು ಥರದ ಯೋಚನೆ ಬೇರೆ ಮಾಡಿದ್ದ. ಒಂದು ಕೆಲಸ ಮಾಡುತ್ತಿರುವಾಗಲೇ ನಡೆಯುವಂಥದ್ದು, ಇನ್ನೊಂದು ಕೆಲಸ ಮುಗಿದ ಮೇಲಿನದ್ದು. ಓದಿ ನಕ್ಕೆ. ಗಡಿಯಾರ ನೋಡುವವಳಿಗೆ ಮೊದಲನೆಯದು ಎಲ್ಲಿ ಬರಬೇಕು? ನನಗೆ ಎರಡನೆಯದೇ ಮೊದಲು ಬಂದಿದ್ದು. ಎಡಗಡೆ ಪುಟಗಳು ಒಂದು ನಲವತ್ತು ತುಂಬಿದ ಮೇಲೆ, ಪಾಠದ ನಡುವೆಯೇ ತಿರುಗಿಕೊಳ್ಳುವ ಧೈರ್ಯ ಸ್ವಲ್ಪ ಸ್ವಲ್ಪ ಬಂತು.

ಮನುಷ್ಯಳಾಗಿ ಏನು ಬದಲಾದೆ ಅಂದರೆ ಹೇಳೋದು ಕಷ್ಟ. ತನ್ನನ್ನು ತಾನು ಅರಿಯೋದು ಅಂತಲೇ ಒಂದು ಪೇಪರ್ ಇತ್ತು. ಅದರ ಅಸೈನ್‌ಮೆಂಟ್ ನಾನು ಗೆಳತಿಯದ್ದು ನೋಡಿ ಬರೆದೆ. ನನ್ನನ್ನು ನಾನು ಅರಿತಿದ್ದು ಆ ಲೆಕ್ಕದಲ್ಲಿ! ಆದರೆ ಊರಿಗೆ ಹೋದಾಗ ಅವ್ವ ಒಂದು ಮಾತು ಹೇಳಿದಳು: "ಮೊದ್ಲು ನಿನ್ ತಮ್ಮ ಬಾಯಿ ಬಿಡೋ ಮುಂಚೆನೇ ನೀನು ಉತ್ತರ ಕೊಡ್ತಿದ್ದಿ. ಈಗ ಸುಮ್ನೆ ಕೇಳ್ತೀಯಲ್ಲ." ದುರ್ಗದ ಲೆಕ್ಕ ಮನೆಗೂ ಬಂದಿದೆ ಅಂತ ನನಗೇ ಗೊತ್ತಿರಲಿಲ್ಲ.

ಕೊನೆಯ ವೈವಾದಲ್ಲಿ ಪರೀಕ್ಷಕರು ರೆಕಾರ್ಡುಗಳ ರಾಶಿ ತಿರುವಿದರು. ಬೈಂಡಿಂಗ್ ಚೆನ್ನಾಗಿದೆ ಅಂದರು. ಮಾರ್ಜಿನ್ ಗೆರೆ ಕೆಂಪು ಇರಬೇಕಿತ್ತು ಅಂದರು. ದಿನಚರಿ ತೆರೆಯಲಿಲ್ಲ. ಎರಡು ವರ್ಷದಲ್ಲಿ ರೆಕಾರ್ಡಿಗೆ ಸುರಿದ ದುಡ್ಡು, ರಾತ್ರಿ ನಿದ್ದೆ ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಚಾರ್ಟಿಗೆ ಬಣ್ಣ ಹಚ್ಚಿದ ಹೊತ್ತಿನಲ್ಲಿ ಅರ್ಧ ಹೊತ್ತು ಮಕ್ಕಳ ನೋಟ್ಸ್ ಓದಿದ್ದರೆ ಜಾಸ್ತಿ ಕಲಿಯುತ್ತಿದ್ದೆ.

ಈಗ ಚಳ್ಳಕೆರೆ ಕಡೆ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಮೊನ್ನೆ ಅದೇ ಪಾಠ ಬಂತು. ಹಳೇ ಧೈರ್ಯದ ಮೇಲೆ ಮಂಡಕ್ಕಿ ತಗೊಂಡು ಹೋದೆ. ಮಕ್ಕಳು ನೋಡಿದರು, ತಿಂದರು, ಒಬ್ಬರೂ ಏನೂ ಕೇಳಲಿಲ್ಲ. ಇಲ್ಲಿ ಯಾರ ಮನೆಯಲ್ಲೂ ಭಟ್ಟಿ ಇಲ್ಲವಲ್ಲ. ಮೂರು ಊರು ದಾಟಿದೆ, ಮತ್ತೊಮ್ಮೆ ಜಗಳೂರಿನಿಂದ ಹೊರಟೆ. ಆಗ ಕಿಟಕಿ ಪಕ್ಕದ ಹುಡುಗ ಚಡ್ಡಿ ಜೇಬಿನಿಂದ ಶೇಂಗಾ ತೆಗೆದು, "ಮಿಸ್, ಇದನ್ನ ಹಾಕ್ಲಾ?" ಅಂದ. ಹಾಕು ಅಂದೆ. ಸಿಪ್ಪೆ ಸಮೇತ ಹಾಕಿದ್ದು ತೇಲಿತು. ಬಿಡಿಸಿ ಬೀಜ ಹಾಕಿದ, ಮುಳುಗಿತು. "ಹಂಗಾದ್ರೆ ಸಿಪ್ಪಿ ಒಳಗ ಏನೈತಿ?" ಅಂತ ಪಕ್ಕದವಳು ಕೇಳಿದಳು. ಒಂಬತ್ತು ಜನ ಒಟ್ಟಿಗೇ ಬಕೆಟ್ ಮೇಲೆ ಬಗ್ಗಿದರು. ನನ್ನ ಸೀರೆ ಒದ್ದೆ ಆಯಿತು.

ಬಲಗಡೆ ಪುಟ ಅವತ್ತೇ ಬರೆದಿದ್ದೇನೆ. ಎಡಗಡೆಯದು ಶನಿವಾರಕ್ಕೆ.