ದೋಣಿಗೆ ಡೀಸೆಲ್ ಹೀಟರ್ ನಾನೇ ಕೂರಿಸಿದ್ದು

ಚಳಿಗಾಲದಲ್ಲೂ ದೋಣಿಯಲ್ಲೇ ಮಲಗಬೇಕು ಅಂತ ಡೀಸೆಲ್ ಹೀಟರ್ ತಂದೆ. ಲಾರಿಗಳಿಗೆ ಹಾಕುವ ಕಿಟ್. ಕೂರಿಸಲು ಎರಡು ದಿನ ಸಾಕಾಯಿತು. ಸರಿಮಾಡಲು ಎರಡು ವಾರ ಹಿಡಿಯಿತು.

ಈ ಹೀಟರಿನಲ್ಲಿ ಗಾಳಿಗೆ ಎರಡು ದಾರಿ. ಒಂದರಲ್ಲಿ ಕ್ಯಾಬಿನ್ನಿನ ಗಾಳಿ ಬಿಸಿಯಾಗಿ ವಾಪಸ್ ಬರುತ್ತದೆ. ಇನ್ನೊಂದರಲ್ಲಿ ಡೀಸೆಲ್ ಉರಿಯಲು ಗಾಳಿ ಹೋಗಿ, ಹೊಗೆಯಾಗಿ ಹೊರಬೀಳುತ್ತದೆ. ಇವೆರಡೂ ಎಲ್ಲೂ ಸೇರಬಾರದು. ನನ್ನ ದೋಣಿಯಲ್ಲಿ ಸೇರಿದ್ದವು.

ಮೊದಲ ಸಲ ಹಚ್ಚಿ ನೋಡುವಾಗ ಬಾಗಿಲು ತೆರೆದೇ ಇಟ್ಟಿದ್ದೆ. ಸ್ವಲ್ಪ ಹೊತ್ತಿಗೆ ಕಾರ್ಬನ್ ಮೊನಾಕ್ಸೈಡ್ (ಹೊಗೆಯಲ್ಲಿ ಬರುವ ವಿಷಾನಿಲ) ಅಲಾರಂ ಕೂಗಿತು. ಮೂಗಿಗೆ ಏನೂ ಗೊತ್ತಾಗಿರಲಿಲ್ಲ. ಈ ಅನಿಲಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅಲ್ವಾ? ತಕ್ಷಣ ಹೀಟರ್ ನಿಲ್ಲಿಸಿ ಹೊರಗೆ ಬಂದೆ. ಪೂರ್ತಿ ಗಾಳಿಯಾಡಿ, ಹೊಗೆ ಕೊಳವೆ ತಣ್ಣಗಾದ ಮೇಲೆ ಅದರ ಮೇಲೆ ಬಿಸಿ ತಡೆಯಲು ಸುತ್ತಿದ್ದ ಗಾಜಿನ ನಾರಿನ ಪಟ್ಟಿ ಬಿಚ್ಚಿದೆ. ಸೈಲೆನ್ಸರಿನ ತಗಡು ಮಡಚಿದ ಜಾಗದಲ್ಲಿ ಪೆನ್ಸಿಲ್ ಗೆರೆಯಷ್ಟು ಸಣ್ಣ ಕಪ್ಪು ಮಸಿ. ಅಡಿಯಲ್ಲಿ ನೀರು ಇಳಿಯಲೆಂದೇ ಬಿಟ್ಟ ಒಂದು ಪುಟ್ಟ ತೂತು. ಲಾರಿಯ ಕೆಳಗೆ ಇದ್ದಿದ್ದರೆ ಆ ಹೊಗೆ ಬಯಲಿಗೆ ಹೋಗುತ್ತಿತ್ತು. ಇಲ್ಲಿ ನಾನು ಮಲಗುವ ಹಾಸಿಗೆಯ ಕೆಳಗಿನ ಪೆಟ್ಟಿಗೆಗೆ ಬರುತ್ತಿತ್ತು.

ಆ ಸೈಲೆನ್ಸರ್ ತೆಗೆದು, ದೋಣಿಗೆಂದೇ ಮಾಡಿದ, ಎಲ್ಲೂ ಹೊಗೆ ಬಿಡದಂತೆ ಬೆಸುಗೆ ಹಾಕಿದ್ದನ್ನು ಹಾಕಿದೆ. ಕೊಳವೆಯೂ ಸ್ಟೇನ್‌ಲೆಸ್ ಸ್ಟೀಲಿನದೇ. ಈ ಸಲ ಪಟ್ಟಿ ಸುತ್ತದೆ ಹಾಗೇ ಉರಿಸಿ, ಪ್ರತಿ ಜೋಡಣೆಗೂ ಟಾರ್ಚ್ ಬಿಟ್ಟು ಮಸಿ ಇದೆಯಾ ಅಂತ ನೋಡಿದೆ. ಮೊದಲೇ ಪಟ್ಟಿ ಸುತ್ತಿದರೆ ಸೋರಿಕೆ ಕಣ್ಣಿಗೆ ಕಾಣುವುದಿಲ್ಲ ಅಷ್ಟೇ, ನಿಲ್ಲುವುದಿಲ್ಲ. ಆದರೆ ಕೊನೆಗೆ ಪಟ್ಟಿ ಬೇಕೇ ಬೇಕು. ಕೊಳವೆ ಮರವನ್ನು ಸುಡುವಷ್ಟು ಕಾಯುತ್ತದೆ.

ಹೊಗೆ ಹೊರಹೋಗುವ ತೂತನ್ನು ದೋಣಿ ಒಂದು ಪಕ್ಕಕ್ಕೆ ವಾಲಿದರೂ ನೀರಿಗೆ ತಾಗದಷ್ಟು ಎತ್ತರದಲ್ಲಿ, ಕಿಟಕಿಗಳಿಂದ ದೂರದಲ್ಲಿ ಕೊರೆದೆ. ಗೋಡೆ ಸುಡಬಾರದು ಅಂತ ಅಲ್ಲಿ ಎರಡು ಪದರದ ಫಿಟ್ಟಿಂಗ್ ಹಾಕಿದೆ. ಅಲೆಯ ನೀರು ಒಳಗೆ ನುಗ್ಗದಂತೆ, ಹೊರಬೀಳುವ ಮುಂಚೆ ಕೊಳವೆಯನ್ನು ಹಂಸದ ಕುತ್ತಿಗೆಯ ಹಾಗೆ ಮೇಲಕ್ಕೆ ಬಾಗಿಸಿದೆ. ಹೊಗೆಯಲ್ಲಿರುವ ನೀರಾವಿ ತಣಿದು ತಗ್ಗಿನಲ್ಲಿ ನಿಲ್ಲುತ್ತದೆ. ಅಲ್ಲಿ ಒಂದು ನಲ್ಲಿ ಇದೆ. ಹೀಟರ್ ಆರಿ ತಣ್ಣಗಾದ ಮೇಲೆ ಮಾತ್ರ ಅದನ್ನು ತೆರೆಯುತ್ತೇನೆ.

ವೈರ್ ದಪ್ಪ ಇರಲಿ, ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. ಹಚ್ಚುವಾಗ ಗ್ಲೋ ಪ್ಲಗ್ (ಕಾದು ಡೀಸೆಲ್ ಹೊತ್ತಿಸುವ ಭಾಗ) ಜಾಸ್ತಿ ಕರೆಂಟ್ ಎಳೆಯುತ್ತದೆ. 12 ವೋಲ್ಟಿನಲ್ಲಿ ಸುಮಾರು 10 ಆಂಪಿಯರ್ ಅಂದುಕೊಳ್ಳಿ. ನಿಲ್ಲಿಸುವಾಗ ಬ್ಯಾಟರಿ ಸ್ವಿಚ್ ಸುಮ್ನೆ ಆರಿಸಬೇಡಿ. ಕೆಲವು ನಿಮಿಷ ಫ್ಯಾನ್ ತಿರುಗಿ ಒಳಗಿನ ಬಿಸಿ ಇಳಿಯಬೇಕು.

ಅಲಾರಂ ಈಗ ಎರಡಿವೆ. ಎರಡೂ ದೋಣಿ, ಕ್ಯಾರವಾನ್‌ಗಳಿಗೆಂದೇ ಇರುವ ಇಎನ್ 50291-2 ಎಂಬ ಯುರೋಪಿನ ಮಾನದಂಡದವು. ಒಂದು ಹಾಸಿಗೆಯ ಪಕ್ಕ, ಮಲಗಿದಾಗ ತಲೆ ಇರುವ ಎತ್ತರದಲ್ಲಿದೆ. ರಾತ್ರಿ ಹೀಟರ್ ಹಚ್ಚುವ ಮುಂಚೆ ಅದರ ಬಟನ್ ಒತ್ತಿ, ಸದ್ದು ಕೇಳಿದ ಮೇಲೇ ಹೊದಿಕೆ ಎಳೆದುಕೊಳ್ಳುತ್ತೇನೆ.