ಥೈರಾಯ್ಡ್ ಆಪರೇಷನ್‌ಗೆ ಸೂಜಿ ಚಿಕಿತ್ಸೆ: ಎಲ್ಲಿ ಉಪಯೋಗ, ಎಲ್ಲಿ ಬೇಡ

ಕಲಬುರಗಿಯ ಆಪರೇಷನ್ ಥಿಯೇಟರ್ ಒಂದರಲ್ಲಿ ನಾನು ಸ್ಟಾಫ್ ನರ್ಸ್. ಮೊನ್ನೆ ಸೇಡಂ ಕಡೆಯ ಅಕ್ಕನೊಬ್ಬರು ಕುತ್ತಿಗೆಯ ಗಡ್ಡೆ ಮುಟ್ಟಿಕೊಂಡು, "ಸಿಸ್ಟರ್, ಮಂಪರು ಕೊಡಲಾರ್ದೆ ಬರೀ ಸೂಜಿ ಚುಚ್ಚಿ ಮಾಡ್ತಾರಂತಲ್ರೀ?" ಎಂದು ಕೇಳಿದರು.

ಇದು ಇಂಜೆಕ್ಷನ್ ಅಲ್ಲ, ಮೈಮೇಲಿನ ಕೆಲವು ಬಿಂದುಗಳಿಗೆ ಸಣ್ಣ ಸೂಜಿ ಚುಚ್ಚುವ ಆಕ್ಯುಪಂಕ್ಚರ್; ಹೀಗೆ ಚೀನಾದಲ್ಲಿ ಆಪರೇಷನ್ ಮಾಡಿದ್ದುಂಟು. 1958ರಲ್ಲಿ ಶಾಂಘೈನಲ್ಲಿ ಶುರುವಾಯಿತು. ಸೂಜಿಗೆ ಸಣ್ಣಗೆ ಕರೆಂಟ್ ಹರಿಸಿ, ಸುಮಾರು 20–30 ನಿಮಿಷ ಕಾದು ಕೊಯ್ಯುತ್ತಿದ್ದರು. ನೋವು ಮಂದವಾಗುತ್ತಿತ್ತು, ಪೂರ್ತಿ ಹೋಗುತ್ತಿರಲಿಲ್ಲ. ಔಷಧವೂ ಸಾಮಾನ್ಯವಾಗಿ ಜೊತೆಗಿರುತ್ತಿತ್ತು. ಆದ್ದರಿಂದ ಅರಿವಳಿಕೆ ಬೇಡವೆಂದು ದಯವಿಟ್ಟು ಹಟ ಹಿಡಿಯಬೇಡಿ.

ಆದರೆ ಆಪರೇಷನ್ ನಂತರದ ವಾಕರಿಕೆಗೆ ಈ ಚಿಕಿತ್ಸೆಯ ಒಂದು ಬಿಂದುವನ್ನು, ಸೂಜಿಯಿಲ್ಲದೆ ಬೆರಳಿನಿಂದ ಒತ್ತಿದರೂ, ನಿಜಕ್ಕೂ ನೆರವಾಗುತ್ತದೆ. ಜೋರು ವಾಂತಿಯಾದರೆ ಕುತ್ತಿಗೆಯ ಗಾಯದೊಳಗೆ ರಕ್ತ ಸೋರುವ ಭಯವಿರುತ್ತದೆ, ಅದಕ್ಕೇ ಹೇಳುತ್ತಿದ್ದೇನೆ. ಅಂಗೈ ಮೇಲ್ಮುಖ ಮಾಡಿ. ಮಣಿಕಟ್ಟಿನ ಗೆರೆಯಿಂದ ಮೊಣಕೈ ಕಡೆಗೆ ಇನ್ನೊಂದು ಕೈಯ ಮೂರು ಬೆರಳು ಅಡ್ಡ ಇಡಿ. ಮುಷ್ಟಿ ಬಿಗಿದರೆ ಎರಡು ಸ್ನಾಯುರಜ್ಜುಗಳು ಹಗ್ಗದಂತೆ ಎದ್ದು ಕಾಣುತ್ತವೆ. ಬೆರಳು ಮುಗಿದಲ್ಲಿ, ಅವೆರಡರ ನಡುವಿನ ತಗ್ಗೇ ಆ ಜಾಗ. ಕೈ ಸಡಿಲ ಬಿಟ್ಟು, ಹೆಬ್ಬೆರಳಿನಿಂದ 2–3 ನಿಮಿಷ ಒತ್ತಿ. ಸಲೈನ್ ಹಾಕಿದ ಕೈ ಮುಟ್ಟಬೇಡಿ. ವಾಂತಿಯ ಇಂಜೆಕ್ಷನ್ ಬಿಡಬೇಡಿ.

ಆ ಅಕ್ಕನ ಮಗಳಿಗೆ ಹಿಂದಿನ ರಾತ್ರಿಯೇ ಕಲಿಸಿದೆ. ಬಳೆ ಮೇಲೆ ಸರಿಸಿ ಅವ್ವನ ಕೈ ಮೇಲೆ ಪೆನ್ನಿನಿಂದ ಚುಕ್ಕೆ ಇಟ್ಟುಕೊಂಡಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ: ಕುತ್ತಿಗೆ ಊದಿದರೆ, ಉಸಿರು ಕಟ್ಟಿದರೆ ಒತ್ತುತ್ತ ಕೂರಬೇಡಿ, ತಕ್ಷಣ ನಮ್ಮನ್ನು ಕೂಗಿ.